ಹರಳಿನ ಮೇಲಿನ ಗಂಧ

ನಿಮಗೆ ಅತ್ಯಂತ ಹೇಸಿಗೆ ಹುಟ್ಟಿಸುವ ವಸ್ತು ಯಾವುದು ಎಂದು ಯಾರಾದರೂ ಕೇಳಿದ್ದರೆ ಮೊನ್ನೆ ಮೊನ್ನೆಯ ತನಕ ನಾನು ಪ್ಲಾಸ್ಟಿಕ್ ಸ್ಕೇಲು ಎನ್ನುತ್ತಿದ್ದೆ. ಮಂಗಳೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಕಲಿಸುತ್ತ ನನ್ನ ಕೂದಲು ಬೆಳ್ಳಗಾಗಿದೆ. ಇಷ್ಟು ವರ್ಷಗಳಲ್ಲಿ ತಿದ್ದಿದ ಗ್ರಾಫುಗಳಲ್ಲಿ ಮುಕ್ಕಾಲು ಪಾಲು ನೇರ ಗೆರೆಗಳು. ಹುಡುಗರು ಮೊದಲು ಸ್ಕೇಲಿಟ್ಟು ಗೆರೆ ಎಳೆಯುತ್ತಾರೆ, ಆಮೇಲೆ ಗೆರೆಯ ಮೇಲೆ ಚುಕ್ಕೆ ಇಡುತ್ತಾರೆ, ಕೊನೆಗೆ ಚುಕ್ಕೆ ನೋಡಿ ರೀಡಿಂಗ್ ಬರೆಯುತ್ತಾರೆ. ಉಪಕರಣದ ಸ್ವಿಚ್ಚನ್ನು ಮುಟ್ಟಿರುವುದೇ ಇಲ್ಲ. ಸೀನಿಯರ್ ಒಬ್ಬನ ರೆಕಾರ್ಡನ್ನು ಅದರ ತಪ್ಪುಗಳ ಸಮೇತ ಇಳಿಸಿಕೊಂಡು ಬಂದು, "ಸೈನ್ ಮಾಡಿ ಸರ್" ಎಂದು ಹಲ್ಲು ಕಿಸಿದು ನಿಲ್ಲುತ್ತಾರೆ. ಅನ್ನದಲ್ಲಿ ಕೂದಲು ಸಿಕ್ಕಿದಾಗ ಹೊಟ್ಟೆಯೊಳಗೆ ಏನಾಗುತ್ತದೋ ನನಗೆ ಅದೇ ಆಗುತ್ತಿತ್ತು. ಎಷ್ಟೋ ರೆಕಾರ್ಡುಗಳನ್ನು ಲ್ಯಾಬಿನ ಬಾಗಿಲಾಚೆ ಎಸೆದಿದ್ದೇನೆ.

ನಮ್ಮ ಲೇಸರ್ ಪ್ರಯೋಗದ ಮೇಲೆ ನನಗೆ ಪ್ರೀತಿ ಇದ್ದದ್ದು ಇದಕ್ಕೇ. ಅದರಲ್ಲಿ ಸ್ಕೇಲಿನ ಆಟ ನಡೆಯುವುದಿಲ್ಲ. ಆ ಲೇಸರಿನಿಂದ ಹೊರಡುವುದು ಅವಗೆಂಪು ಬೆಳಕು, ಕಣ್ಣಿಗೆ ಕಾಣುವುದಿಲ್ಲ. ಅದರ ದಾರಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ, ಗಾಜಿನಷ್ಟು ತಿಳಿಯಾದ ಒಂದು ಹರಳನ್ನಿಟ್ಟರೆ ಆಚೆ ಕಡೆಯಿಂದ ಹಸಿರು ಬೆಳಕು ಬರುತ್ತದೆ. ಕಾಣದ ಬೆಳಕಿನ ಎರಡೆರಡು ಕಣಗಳು ಹರಳಿನೊಳಗೆ ಕೂಡಿ ಒಂದೊಂದು ಹಸಿರು ಕಣವಾಗುತ್ತವೆ. ಮಾಮೂಲಿ ಗಾಜಿಗೆ ಈ ಗುಣವಿಲ್ಲ. ಅಲ್ಲಿ ಎಷ್ಟು ಕೊಟ್ಟರೆ ಅದಕ್ಕೆ ತಕ್ಕಷ್ಟು ವಾಪಸು, ಅದೇ ಬಣ್ಣದಲ್ಲಿ. ಹರಳು ಹಾಗಲ್ಲ, ಮಂದ ಬೆಳಕಿಗೆ ಅದು ಕ್ಯಾರೇ ಅನ್ನುವುದಿಲ್ಲ. ಬೆಳಕನ್ನು ಎರಡು ಪಟ್ಟು ಮಾಡಿದರೆ ಹಸಿರು ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟು ಮಾಡಿದರೆ ಒಂಬತ್ತು. ಗ್ರಾಫು ಬಾಗಿಕೊಂಡು ಮೇಲೇಳುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು, ಬಾಯಲ್ಲಿ ಹೇಳಿ, ಕಣ್ಣೆದುರು ತೋರಿಸಿದ ಮೇಲೂ ಹುಡುಗರು ನೇರ ಗೆರೆಯನ್ನೇ ತಂದುಕೊಡುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ನನ್ನ ಪಾಠ.

ಆ ಗೆರೆ ಬಾಗುತ್ತದೆ ಎಂದು ತಾವಾಗಿ ಕಂಡುಕೊಂಡವರು ಒಬ್ಬರೇ. ಅವರು ವಿದ್ಯಾರ್ಥಿಯಲ್ಲ, ನಮ್ಮ ಲ್ಯಾಬಿನ ಅಟೆಂಡರ್. ವಾಮಂಜೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಆ ಹೆಂಗಸು ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ಇಡೀ ಕಾಲೇಜಿಗೆ ಅಕ್ಕ. ನಾನೂ ಹಾಗೇ ಕರೆಯುತ್ತಿದ್ದೆ. ಓದು ಪಿಯುಸಿಗೆ ನಿಂತಿತ್ತು. ಒಂದು ದಿನ ರಕ್ಷಣೆಯ ಕನ್ನಡಕ ಹಾಕಿಕೊಂಡು ನನ್ನ ಪಕ್ಕದಲ್ಲಿ ನಿಂತು ಮೀಟರುಗಳನ್ನು ನೋಡುತ್ತಿದ್ದವರು ಕೇಳಿದರು:

"ಸರ್, ಈ ಮೀಟರ್ ಡಬಲ್ ಆಗುವಾಗ ಆ ಮೀಟರ್ ನಾಲ್ಕು ಪಾಲು ಆಗ್ತದಲ್ಲ. ಮತ್ತೆ ಮಕ್ಕಳು ಎಂತಕ್ಕೆ ಸ್ಟ್ರೈಟ್ ಲೈನ್ ಎಳೆಯುವುದು?"

"ಅವರು ಮೀಟರ್ ನೋಡುವುದಿಲ್ಲ ಅಕ್ಕ."

"ನೋಡದೆ ಬರೆಯುವುದಾ? ಅದು ಸುಳ್ಳಲ್ವಾ ಸರ್?"

ಸುಳ್ಳೇ ಎಂದೆ. ಸತ್ಯಕ್ಕೆ ನಾನೊಬ್ಬನೇ ಗುತ್ತಿಗೆದಾರನೋ ಎಂಬಂತೆ ತಲೆ ಆಡಿಸುತ್ತ ಎಂದೆ.

ಆ ಹರಳು ಒಂದು ಜಾತಿಯ ಉಪ್ಪು. ನೀರು ತಾಗಿದರೆ ಕರಗುತ್ತದೆ, ತೇವದ ಗಾಳಿ ತಾಗಿದರೂ ಅದರ ಮುಖ ಬೆಳ್ಳಗೆ ಮಂಕಾಗುತ್ತದೆ. ಜೂನ್ ಬಂತೆಂದರೆ ಡಬ್ಬಿಯಲ್ಲಿಟ್ಟ ಕಲ್ಲುಪ್ಪು ನೀರು ಬಿಡುವ ಊರು ನಮ್ಮದು. ಆದ್ದರಿಂದ ಹರಳಿಗೆ ಗಾಳಿಯಾಡದ ಒಂದು ಪೆಟ್ಟಿಗೆ. ಮೇಲಿನ ತಟ್ಟೆಯಲ್ಲಿ ಹರಳು, ಕೆಳಗಿನ ತಟ್ಟೆಯಲ್ಲಿ ಸಿಲಿಕಾ ಜೆಲ್ಲಿನ ಮಣಿಗಳು. ಒಣಗಿದ್ದಾಗ ಆ ಮಣಿಗಳು ನೀಲಿ, ತೇವ ಕುಡಿದ ಮೇಲೆ ಗುಲಾಬಿ. ವಾರಕ್ಕೊಮ್ಮೆ ಗುಲಾಬಿ ಮಣಿಗಳನ್ನು ಹಾಟ್‌ಪ್ಲೇಟಿನ ಮೇಲೆ ಕಾಯಿಸಿ ನೀಲಿ ಮಾಡಿ ವಾಪಸು ತುಂಬುವುದು ಅಕ್ಕನ ಕೆಲಸ. ನಾನು ಹೇಳಿದ್ದು ಒಂದೇ ಸಲ. ಹನ್ನೊಂದು ವರ್ಷ ಅವರು ಒಂದು ವಾರವನ್ನೂ ತಪ್ಪಿಸಲಿಲ್ಲ.

ಹನ್ನೊಂದು ವರ್ಷವೂ ಅವರದು ತಾತ್ಕಾಲಿಕ ನೌಕರಿ. ಪ್ರತಿ ಜೂನ್‌ನಲ್ಲಿ ಒಂದು ಕಾಗದ, ಮುಂದಿನ ಜೂನ್ ತನಕ ಉಸಿರು. ಹೋದ ವರ್ಷ ಕೊನೆಗೂ ಅವರನ್ನು ಕಾಯಂ ಮಾಡುವ ಫೈಲು ಪ್ರಿನ್ಸಿಪಾಲರ ಮೇಜಿಗೆ ಹೋಯಿತು. "ಈ ಸಲ ಆಗದಿದ್ದರೆ ಮತ್ತೆ ಇಲ್ಲ ಸರ್, ವಯಸ್ಸು ದಾಟ್ತದೆ" ಎಂದಿದ್ದರು. ಅವರ ಕೆಲಸ ಚೆನ್ನಾಗಿದೆ ಎಂದು ಆ ಫೈಲಿನಲ್ಲಿ ಬರೆದುಕೊಟ್ಟವನು ನಾನೇ.

ಅದೇ ವರ್ಷ ಜುಲೈಯಲ್ಲಿ ಕಾಲೇಜಿಗೆ ರೀಲ್ಸಿನ ಹುಚ್ಚು ಹಿಡಿಯಿತು. ಅಡ್ಮಿಷನ್ ಮುಗಿಯುವುದರೊಳಗೆ ಎಲ್ಲ ಲ್ಯಾಬುಗಳ ವಿಡಿಯೋ ಬೇಕಂತೆ. ಪ್ರಚಾರದವರು ಮೊಬೈಲು ಹಿಡಿದು ಬಂದರು. ಹಸಿರು ಬೆಳಕು ಹೇಗೆ ಬರುತ್ತದೆ ಎಂದು ಹೇಳಲು ಬಾಯಿ ತೆರೆದೆ. "ಅದೆಲ್ಲ ಬೇಡ ಸರ್, ಲೈಟ್ ಸ್ವಲ್ಪ ದಪ್ಪ ಕಾಣ್ಲಿಕ್ಕೆ ಎಂತ ಮಾಡ್ಬಹುದು?" ಎಂದರು. ಬೆಳಕಿನ ದಾರಿ ಕಾಣಲಿ ಎಂದು ಅಗರಬತ್ತಿ ಹಚ್ಚಿ ಹೊಗೆ ಊದಿದರು. ಆ ಲೇಸರಿನ ಕಾಣದ ಬೆಳಕು ಕಣ್ಣು ಕಳೆಯಬಲ್ಲದು, ಕನ್ನಡಕ ತೆಗೆಯಬೇಡಿ ಎಂದು ನಾನು ಬೊಬ್ಬೆ ಹೊಡೆಯುತ್ತಿದ್ದರೆ ಅವರು ಹಿಂದೆ ಯಾವ ಹಾಡು ಹಾಕುವುದೆಂದು ಮಾತಾಡಿಕೊಳ್ಳುತ್ತಿದ್ದರು. ಥೂ, ಇದಕ್ಕಾಗಿಯೇ ಓದಿದೆನಾ ಎನ್ನಿಸಿತು. ಅಷ್ಟರಲ್ಲಿ ಹೊರಗೆ ಮಳೆ ಜೋರಾಯಿತು. ನನ್ನ ಮನೆ ಕಾಟಿಪಳ್ಳದಲ್ಲಿ. ಕೂಳೂರು ಸೇತುವೆ ಬ್ಲಾಕ್ ಆದರೆ ಮನೆ ಮುಟ್ಟುವಾಗ ಊಟದ ಹೊತ್ತು ದಾಟುತ್ತದೆ. ಲೇಸರ್ ಆರಿಸಿ, ಕೋಣೆಗೆ ಬೀಗ ಹಾಕಿ, ಬಸ್ಸಿಗೆ ಓಡಿದೆ.

ಹರಳು ಮೇಜಿನ ಮೇಲೆಯೇ ಉಳಿದಿತ್ತು. ಬಸ್ಸಿನಲ್ಲಿ ನೆನಪಾಯಿತು. ನಾಳೆ ನೋಡಿದರಾಯಿತು ಎಂದುಕೊಂಡೆ. ಮರುದಿನ ಮಳೆಯ ರೆಡ್ ಅಲರ್ಟ್, ಜಿಲ್ಲಾಧಿಕಾರಿ ಸಾರಿದ ರಜೆ. ಅದರ ಮರುದಿನವೂ ರಜೆ, ಆಮೇಲೆ ಆದಿತ್ಯವಾರ. ನಾಲ್ಕನೆಯ ದಿನ ಬೀಗ ತೆಗೆದಾಗ ಹರಳಿನ ಎರಡೂ ಮುಖ ಪೊರೆ ಬಂದ ಕಣ್ಣಿನ ಹಾಗೆ ಬೆಳ್ಳಗಾಗಿತ್ತು. ಲೇಸರ್ ಹಾಕಿ ನೋಡಿದೆ. ಹಸಿರು ಚುಕ್ಕೆ ಬೀಳಬೇಕಾದಲ್ಲಿ ಮಂಕು ಕಲೆಯೊಂದು ಚೆಲ್ಲಿಕೊಂಡಿತು. ಹೋಗಿ ಹೇಳಬೇಕಿತ್ತು. ಹೇಳಿದ್ದರೆ ಒಂದು ನೋಟಿಸು, ನಾಲ್ಕು ಮಾತು, ಅಷ್ಟೇ. ನಾನು ಹರಳಿಗೆ ಮೆತ್ತನೆಯ ಕಾಗದ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ದಸರಾ ರಜೆಯಲ್ಲಿ ಹೇಗಾದರೂ ಪಾಲಿಷ್ ಮಾಡಿಸೋಣ ಎಂದು ನನಗೆ ನಾನೇ ಹೇಳಿಕೊಂಡೆ.

ಆ ಸಲ ವಿದ್ಯಾರ್ಥಿಗಳಿಗೆ ಲೇಸರ್ ಕೈಕೊಟ್ಟಿದೆ ಎಂದು ಹೇಳಿ ಆ ದರಿದ್ರ ರೀಲನ್ನೇ ಪಾಠವೆಂದು ತೋರಿಸಿದೆ. ಅಕ್ಕ ಮಾತ್ರ ವಾರ ವಾರವೂ ಮಣಿ ಕಾಯಿಸಿ ಸತ್ತ ಹರಳಿನ ಕೆಳಗೆ ತುಂಬುತ್ತಿದ್ದರು. ಆಗ ನಾನು ಪತ್ರಿಕೆ ಓದುತ್ತ ಕೂರುತ್ತಿದ್ದೆ.

ಆಯುಧಪೂಜೆಗೆ ನಮ್ಮಲ್ಲಿ ಲ್ಯಾಬುಗಳನ್ನು ತೊಳೆದು, ಉಪಕರಣಗಳನ್ನು ಒರೆಸಿ, ಮೇಜಿನ ಮೇಲೆ ಸಾಲಾಗಿಟ್ಟು ಗಂಧ, ಕುಂಕುಮ, ಹೂ ಏರಿಸುವುದು ರೂಢಿ. ನನಗೆ ಅದರಲ್ಲಿ ತಕರಾರಿಲ್ಲ. ವರ್ಷಕ್ಕೊಮ್ಮೆಯಾದರೂ ಧೂಳು ಹೋಗುತ್ತದೆ, ಅವಲಕ್ಕಿ ಪಂಚಕಜ್ಜಾಯವೂ ಸಿಗುತ್ತದೆ. ಅಕ್ಕ ಹರಳಿನ ಪೆಟ್ಟಿಗೆಯನ್ನು ಮುಚ್ಚಿದ ಹಾಗೆಯೇ ಇಟ್ಟು ಮುಚ್ಚಳದ ಮೇಲೆ ಒಂದು ಸೇವಂತಿಗೆ ಇಡುವುದು ವಾಡಿಕೆ. ಆ ದಿನ ನಮ್ಮ ವಿಭಾಗದ ಮುಖ್ಯಸ್ಥರು ಗಂಧದ ಬಟ್ಟಲು ಹಿಡಿದು ಒಳಗೆ ಬಂದರು. ಕೋಣೆಯಲ್ಲಿ ಇದ್ದದ್ದು ನಾವು ಮೂವರೇ, ಉಳಿದವರು ಪಕ್ಕದಲ್ಲಿ ಕಂಪ್ಯೂಟರುಗಳಿಗೆ ಹೂ ಹಾಕುತ್ತಿದ್ದರು. ಮುಖ್ಯಸ್ಥರು ಪೆಟ್ಟಿಗೆ ತೆರೆದು ಕಾಗದ ಬಿಚ್ಚಿದರು.

"ಎಂತ ಮಾರಾಯ್ರೆ ಇಷ್ಟು ಧೂಳು?" ಎಂದು ಉಪಕರಣ ಒರೆಸುವ ಒದ್ದೆ ಬಟ್ಟೆ ಎತ್ತಿಕೊಂಡರು.

"ಸರ್, ಅದಕ್ಕೆ ನೀರು ಆಗುವುದಿಲ್ಲ" ಎಂದು ಅಕ್ಕ ಮುಂದೆ ಬಂದರು.

"ಪೂಜೆಯ ದಿನ ಎಂತದೂ ಆಗುವುದಿಲ್ಲ, ಬಿಡಿ."

ಅಕ್ಕ ನನ್ನ ಮುಖ ನೋಡಿದರು. ನಾನು ಪಂಚಕಜ್ಜಾಯದ ತಟ್ಟೆ ನೋಡುತ್ತಿದ್ದೆ. ಮುಖ್ಯಸ್ಥರು ಪಾತ್ರೆ ಉಜ್ಜಿದ ಹಾಗೆ ಹರಳನ್ನು ಉಜ್ಜಿದರು, ಮೇಲೆ ಬೆರಳದ್ದಿ ದಪ್ಪಗೆ ಗಂಧ ಹಚ್ಚಿ ಕುಂಕುಮ ಇಟ್ಟರು. ಬಿಳಿ ಪೊರೆ ಆ ಬಟ್ಟೆಗೆ ಹೋಯಿತು. ನನಗೆ ಹಾಯೆನಿಸಿತು. ಜ್ವರ ಬಿಟ್ಟ ಹಾಗೆ ಹಾಯೆನಿಸಿತು, ಇದನ್ನು ಬರೆಯಲು ಈಗಲೂ ವಾಕರಿಕೆ ಬರುತ್ತದೆ. ಇನ್ನು ಜುಲೈಯ ವಿಷಯ ಯಾರಿಗೂ ಗೊತ್ತಾಗುವುದಿಲ್ಲ ಎಂದು ಯೋಚಿಸುತ್ತ ಎರಡು ಸಲ ಪಂಚಕಜ್ಜಾಯ ಹಾಕಿಸಿಕೊಂಡು ತಿಂದೆ.

ರಜೆ ಮುಗಿದ ಮೇಲೆ ನೋಡಿದರೆ ಗಂಧ ಒಣಗಿದ್ದ ಕಡೆ ಹರಳಿನಲ್ಲಿ ಬೆರಳ ತುದಿಯಷ್ಟು ಗುಳಿ. ಮುಂದಿನ ತಿಂಗಳು ತಪಾಸಣೆಯ ಸಮಿತಿ ಬರುವುದಿತ್ತು. ದುಬಾರಿ ವಸ್ತು ಹಾಳಾದದ್ದಕ್ಕೆ ಕಾರಣ ಬರೆಯಬೇಕು. ಮುಖ್ಯಸ್ಥರು ನಯವಾದ ಇಂಗ್ಲಿಷಿನಲ್ಲಿ, ಅಟೆಂಡರ್ ಅಜಾಗರೂಕತೆಯಿಂದ ನೀರು ಹಾಕಿ ಒರೆಸಿದ್ದಾರೆ ಎಂದು ಬರೆದರು. ಪ್ರಿನ್ಸಿಪಾಲರು ನಮ್ಮ ಮೂವರನ್ನೂ ಕರೆದರು. ಅಕ್ಕ ಬಾಗಿಲ ಹತ್ತಿರ ನಿಂತಿದ್ದರು, ನಮಗೆ ಕುರ್ಚಿ.

"ನಾನು ನೀರು ಮುಟ್ಟಿಸಲಿಲ್ಲ ಸರ್," ಎಂದರು ಅಕ್ಕ. "ಒರೆಸಿದ್ದು, ಗಂಧ ಹಚ್ಚಿದ್ದು ಇವರು. ನಾನು ಬೇಡ ಅಂತ ಹೇಳಿದೆ."

ಮುಖ್ಯಸ್ಥರು ನಕ್ಕರು. "ಎಂತ ಅಕ್ಕ, ಈಗ ನನ್ನ ತಲೆಗೆ ಕಟ್ಟುವುದಾ?"

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ನೀವು ಹೇಳಿ. ಪೂಜೆಗೆ ಮೊದಲು ಅದು ಸರಿ ಇತ್ತಾ?"

ಆ ಹೊತ್ತಿನ ನನ್ನ ತಲೆಯ ಓಟ ಚೆನ್ನಾಗಿ ನೆನಪಿದೆ. ನಿಜ ಹೇಳಿದರೆ ಮುಖ್ಯಸ್ಥರು ತಪ್ಪಿಸಿಕೊಳ್ಳಲು, ಅದು ಮೊದಲೇ ಬೆಳ್ಳಗಿತ್ತು ಎನ್ನುತ್ತಾರೆ. ಯಾಕೆ ಬೆಳ್ಳಗಾಯಿತು ಎಂಬ ಪ್ರಶ್ನೆ ನನ್ನ ಬುಡಕ್ಕೆ ಬರುತ್ತದೆ. ನನ್ನದು ಕಾಯಂ ನೌಕರಿ, ಹೆಚ್ಚೆಂದರೆ ಮರ್ಯಾದೆ ಹೋಗುತ್ತಿತ್ತು. ಅಕ್ಕನ ಫೈಲು ಅದೇ ಮೇಜಿನ ಮೇಲೆ, ಪೇಪರ್‌ವೇಟಿನ ಅಡಿಯಲ್ಲಿ ಇದ್ದದ್ದು ನನಗೆ ಕಾಣುತ್ತಿತ್ತು.

"ಸರಿ ಇತ್ತು ಸರ್," ಎಂದೆ.

"ನೀರು ಹಾಕಿದ್ದು ಯಾರು?"

"ನಾನು ನೋಡಲಿಲ್ಲ ಸರ್."

ವಾರದೊಳಗೆ ಫೈಲು ವಾಪಸು ಬಂತು. ಅವರನ್ನು ಆ ವರ್ಷದ ಮಟ್ಟಿಗೆ ಹಾಸ್ಟೆಲಿನ ಅಡುಗೆಮನೆಗೆ ಹಾಕಿದರು, ಪಾತ್ರೆ ತೊಳೆಯಲು. ಜೂನ್‌ನಲ್ಲಿ ಹೊಸ ಕಾಗದ ಕೊಡಲಿಲ್ಲ. ಮುಖ್ಯಸ್ಥರು ಕ್ಯಾಂಟೀನಿನಲ್ಲಿ ನನಗೆ ಚಹಾ ಕುಡಿಸಿ, "ನೀವೊಬ್ಬರು ಇದ್ದದ್ದು ಒಳ್ಳೆಯದಾಯಿತು ಮಾರಾಯ್ರೆ" ಎಂದು ಬೆನ್ನು ತಟ್ಟಿದರು. ಆ ಕೈ ಬೆನ್ನಿನ ಮೇಲೆ ಹಲ್ಲಿ ಬಿದ್ದ ಹಾಗಿತ್ತು. ಆದರೂ ಚಹಾ ಪೂರ್ತಿ ಕುಡಿದೆ.

ಲ್ಯಾಬಿನಲ್ಲಿ ತಮ್ಮ ಕೊನೆಯ ದಿನ ಅಕ್ಕ ಬೀಗದ ಕೈ ಕೊಡಲು ಬಂದಿದ್ದರು. ಜೊತೆಗೆ ಒಂದು ಡಬ್ಬಿ, ಅದರ ತುಂಬ ಕಾಯಿಸಿದ ನೀಲಿ ಮಣಿಗಳು.

"ಹೊಸ ಹರಳು ಬರುವಾಗ ಬೇಕಾಗ್ತದೆ ಸರ್. ಮುಚ್ಚಳ ಗಟ್ಟಿ ಉಂಟು, ತೆಗೀಬೇಡಿ."

ಏನಾದರೂ ಹೇಳಬೇಕಿತ್ತು. "ನಾನು ಎಂತ ಮಾಡ್ಲಿ ಅಕ್ಕ, ನಿಜವಾಗಿ ಆ ಹೊತ್ತಿಗೆ ನಾನು ಆಚೆ ನೋಡ್ತಿದ್ದೆ" ಎಂದೆ.

"ಜುಲೈಯಲ್ಲೇ ಅದು ಹೋಗಿತ್ತಲ್ಲ ಸರ್," ಎಂದರು ಅಕ್ಕ, ಬೀಗದ ಕೈಯನ್ನು ಮೇಜಿನ ಮೇಲಿಡುತ್ತ. "ಮಣಿ ತುಂಬುವಾಗ ಮೇಲಿನ ತಟ್ಟೆ ಎತ್ತಬೇಕಲ್ಲ. ಯಾವತ್ತೂ ಕಾಗದ ಸುತ್ತದವರು ಸುತ್ತಿದ್ದೀರಿ, ಎಂತಕ್ಕೆ ಅಂತ ಬಿಚ್ಚಿ ನೋಡಿದೆ."

"ಮತ್ತೆ ನೀವು ಅಲ್ಲಿ ಹೇಳಲಿಲ್ಲ ಯಾಕೆ?"

"ನನ್ನ ಮಾತು ಯಾರು ನಂಬ್ತಾರೆ ಸರ್? ನೀವು ಹೇಳ್ತೀರಿ ಅಂತ ಕಾದೆ. ನೀವು ಸುಳ್ಳು ರೆಕಾರ್ಡು ಬಿಸಾಡುವವರಲ್ಲ, ಹೇಳಿಯೇ ಹೇಳ್ತೀರಿ ಅಂತ ಇತ್ತು."

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೋದರು.

ಈ ವರ್ಷ ಹೊಸ ಹರಳು ಬಂದಿದೆ. ಹೊಸ ಅಟೆಂಡರನಿಗೆ ಮಣಿಯ ವಿಷಯ ಎರಡು ಸಲ ಹೇಳಿದೆ, ಅವನು ಮರೆಯುತ್ತಾನೆ. ಈಗ ವಾರಕ್ಕೊಮ್ಮೆ ನಾನೇ ಕಾಯಿಸುತ್ತೇನೆ. ನಡೆದದ್ದನ್ನೆಲ್ಲ ತಿಳಿಸಿ ಪ್ರಿನ್ಸಿಪಾಲರಿಗೆ ಕೊಡಲು ಬರೆದ ಪತ್ರ ನಾಲ್ಕು ಸಲ ಹರಿದು ಐದನೆಯ ಸಲ ಬರೆದದ್ದು ಚೀಲದಲ್ಲಿದೆ, ಕೂಳೂರು ಸೇತುವೆಯನ್ನು ದಿನಾ ಎರಡು ಸಲ ದಾಟುತ್ತಿದೆ.

ಮೊನ್ನೆ ಒಬ್ಬ ಹುಡುಗ ಲೇಸರ್ ಪ್ರಯೋಗದ ರೆಕಾರ್ಡು ತಂದ. ಸ್ಕೇಲಿಟ್ಟು ಎಳೆದ ನೇರ ಗೆರೆ, ಒಂದೊಂದು ಚುಕ್ಕೆಯೂ ಅದರ ಮೇಲೆಯೇ. ನನ್ನ ಕೈ ಎಸೆಯಲು ಎದ್ದಿತು.

"ಮೀಟರ್ ನೋಡಿ ಬರೆದದ್ದಾ? ರೀಡಿಂಗ್ ಸರಿ ಉಂಟಾ?" ಎಂದು ಕೇಳಿದೆ.

"ಸರಿ ಉಂಟು ಸರ್," ಎಂದ, ನನ್ನ ಕಣ್ಣನ್ನೇ ನೋಡುತ್ತ.

ಆ ಸ್ವರ ನನಗೆ ಗೊತ್ತಿತ್ತು. ಕೆಂಪು ಪೆನ್ನು ತೆಗೆದು ಸಹಿ ಹಾಕಿಕೊಟ್ಟೆ.