ಕಂಪ್ಯೂಟರ್ ಹೇಳಿದ ಪಂಚಮಿ

ಹುಬ್ಬಳ್ಳಿಯಿಂದ ಧಾರವಾಡ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ, ಯಾವ ಕೆಲಸಕ್ಕೆ ಹೋಗುವವರಿದ್ದೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಡಾಕ್ಟರಿಗೆ ಹಲ್ಲು ತೋರಿಸಲಿಕ್ಕೋ ಸೀರೆ ಕೊಳ್ಳಲಿಕ್ಕೋ ಆದರೆ ಬಸ್ಸಿನಲ್ಲಿ ಕೂತು ಒಂದು ಸಣ್ಣ ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದುಬಿಡುತ್ತದೆ. ಆದರೆ ನಾಗರ ಪಂಚಮಿಗೆ ತವರಿಗೆ ಹೋಗುವ ಹೆಣ್ಣುಮಗಳಿಗೆ ಅದು ಬಹಳ ದೂರ. ತವರಿನಿಂದ ಒಬ್ಬರು ಬಂದು ಕರೆಯುವ ತನಕ ಆ ದಾರಿಯೇ ಇಲ್ಲ ಎಂದು ತಿಳಿಯಬೇಕು.

ನಾನು ಮದುವೆಯಾಗಿ ಬಂದದ್ದು ಹುಬ್ಬಳ್ಳಿಯ ದೇಶಪಾಂಡೆ ನಗರಕ್ಕೆ. ತವರು ಧಾರವಾಡ. ಅಪ್ಪ ಮೊದಲೇ ತೀರಿಹೋಗಿದ್ದರು. ಅಲ್ಲಿದ್ದವರು ಅವ್ವ ಮತ್ತು ನನ್ನ ತಮ್ಮ ಇಬ್ಬರೇ. ವರ್ಷದಲ್ಲಿ ಹತ್ತಾರು ಸಲ, ಯಾರೂ ಕರೆಯದೆ, ಚಪ್ಪಲಿ ಮೆಟ್ಟಿಕೊಂಡು ಹೋಗಿ ಅವ್ವನ ಕೈಯ ರೊಟ್ಟಿ ತಿಂದು ಸಂಜೆಗೆ ವಾಪಸು ಬರುತ್ತಿದ್ದೆ. ಪಂಚಮಿಗೆ ಮಾತ್ರ ಹಾಗಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು "ತಮ್ಮ ಬಂದಿದ್ದನೇನ್ರಿ ಕರೀಲಿಕ್ಕೆ?" ಎಂದು ವಿಚಾರಿಸುತ್ತಾರೆ. ಅವನು ಬಂದಿರಬೇಕು, ನಡುಮನೆಯಲ್ಲಿ ಕೂತು ಚಹಾ ಕುಡಿದಿರಬೇಕು, ನನ್ನ ಚೀಲವನ್ನು ತಾನೇ ಎತ್ತಿಕೊಂಡು ಮುಂದೆ ನಡೆದಿರಬೇಕು. ಅದನ್ನು ಓಣಿ ನೋಡಿರಬೇಕು. ಆಮೇಲೆಯೇ ಹಬ್ಬ.

ನನ್ನ ತಮ್ಮ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಗ್ರಹಗಳು ಸೂರ್ಯನನ್ನು ಎಷ್ಟು ದಿನಕ್ಕೊಮ್ಮೆ ಸುತ್ತುತ್ತವೆ ಎಂದು ಬಾಯಿಪಾಠ ಹೇಳುತ್ತಿದ್ದ. ಮನೆಯ ಕೀಲಿ ಎಲ್ಲಿಟ್ಟೆ ಎಂಬುದು ಮಾತ್ರ ಗೊತ್ತಿರುತ್ತಿರಲಿಲ್ಲ. ಅವ್ವ ಇರುವ ತನಕ ಅವನ ಮರೆವಿನಿಂದ ನನಗೆ ತೊಂದರೆಯಾಗಲಿಲ್ಲ. ಆಷಾಢದಿಂದಲೇ ಆಕೆ ಶುರು ಮಾಡುತ್ತಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ ಎಲ್ಲ ಕಟ್ಟಿ, ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿ, "ಅಕ್ಕನ್ನ ಕರ್ಕೊಂಡು ಬರೋತನಕ ನಿನಗ ಒಂದ ಉಂಡಿನೂ ಇಲ್ಲ" ಎನ್ನುತ್ತಿದ್ದಳು. ಅವನು ಹೊಟ್ಟೆಬಾಕ. ಓಡಿ ಬರುತ್ತಿದ್ದ.

ಅವ್ವ ಹೋದ ಮೇಲಿನ ಮೊದಲ ಪಂಚಮಿಗೆ ಅವನು ಬಂದದ್ದು ಹಬ್ಬದ ದಿನ ಸಂಜೆ. ಅಷ್ಟೊತ್ತಿಗೆ ನಾಗಪ್ಪನಿಗೆ ಹಾಲೆರೆದು, ಊಟ ಮುಗಿಸಿ, ಹುಡುಗಿಯರು ಜೋಕಾಲಿ ಆಡಿ ದಣಿದಿದ್ದರು. ಅವನು ಎರಡು ಕಾಲಿಗೆ ಎರಡು ತರಹದ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು, "ಅಕ್ಕಾ, ಸಾಲ್ಯಾಗ ಪಾಲಕರ ಸಭಾ ಇತ್ತ" ಎಂದ. ಹಬ್ಬದ ರಜೆಯಲ್ಲಿ ಯಾವ ಪಾಲಕರು, ಯಾವ ಸಭೆ? ನನ್ನ ಅತ್ತೆ ಬಯ್ಯದೆ ಅವನ ಮುಂದೆ ಒಂದು ತಾಟು ಉಂಡಿ ತಂದಿಟ್ಟರು. ಅವರು ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ನನಗೆ ಒಂದೇ ಪ್ರಶ್ನೆ: ಅವ್ವನ ಜೊತೆಗೆ ನನ್ನ ತವರೂ ಹೋಯಿತೇ?

"ಅಲ್ಲ, ಅಲ್ಲಿಗೆ ಹೋಗಿ ಉಂಡಿ ಕಟ್ಟೋಕಿ ನೀನ, ಪಾತ್ರಿ ತಿಕ್ಕೋಕಿ ನೀನ. ಮತ್ತ ಹೋಗೋದು ಯಾಕ?" ಎಂದು ನನ್ನ ಗಂಡ ಕೇಳಿದರು. ತಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ, ಆದ್ದರಿಂದ ಅವರ ಮಾತು ಸುಳ್ಳಲ್ಲ. ಆದರೂ ಗಂಡಸರಿಗೆ ಇಂಥದ್ದನ್ನು ತಿಳಿಸಿ ಹೇಳುವುದಕ್ಕಿಂತ ಸುಮ್ಮನಿರುವುದು ಲೇಸು. ನಾನು ಹೋಗುತ್ತಿದ್ದದ್ದು ಉಂಡಿಗಲ್ಲ, ಕರೆಸಿಕೊಳ್ಳಲಿಕ್ಕೆ.

ಮುಂದಿನ ಬೇಸಿಗೆಯಲ್ಲಿ ತಮ್ಮ ಕಂಪ್ಯೂಟರ್ ತಂದ. ಯಾರೋ ಪರಿಚಯದವರು ಬಿಡಿಭಾಗ ಕೂಡಿಸಿ ಕಟ್ಟಿಕೊಟ್ಟದ್ದು. ನೋಡಲಿಕ್ಕೆಂದು ಹೋದರೆ, ಅವ್ವ ಊಟದ ತಾಟು ಇಡುತ್ತಿದ್ದ ಮೇಜಿನ ಮೇಲೆ ಅದು ಹೊದಿಕೆ ಹೊದ್ದುಕೊಂಡು ಕೂತಿತ್ತು. ಚಪ್ಪಲಿ ಹೊರಗೆ ಬಿಟ್ಟು ಬಾ ಎಂದು ನನಗೇ ಹೇಳಿದ! ಅದರ ಬೆನ್ನು ಎಷ್ಟು ದೊಡ್ಡದೆಂದರೆ ಹಿಂದಿನ ಗೋಡೆಯ ಮೇಲಿದ್ದ ಪಂಚಾಂಗದ ಕ್ಯಾಲೆಂಡರು ಪೂರ್ತಿ ಮುಚ್ಚಿಹೋಗಿತ್ತು.

"ಇನ್ನ ನಾ ಏನೂ ಮರ್ಯೂದಿಲ್ಲ ನೋಡು" ಎಂದು ಅವನು ನನ್ನನ್ನು ಎದುರಿಗೆ ಕೂಡಿಸಿಕೊಂಡು ಒಂದು ಪುಟ್ಟ ಪ್ರೋಗ್ರಾಂ ತೋರಿಸಿದ. ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಲ್ಲಿತ್ತಂತೆ. ತಾರೀಕು, ವೇಳೆ, ಏನು ನೆನಪಿಸಬೇಕು ಎಂಬುದನ್ನು ಬರೆದಿಟ್ಟರೆ ಆ ಹೊತ್ತಿಗೆ ಗಂಟೆ ಬಾರಿಸಿ ಪರದೆಯ ಮೂಲೆಯಲ್ಲಿ ಒಂದು ಹಳದಿ ಚೀಟಿ ತೋರಿಸುತ್ತದೆ. ಒಮ್ಮೆಯೋ, ದಿನಾಲೂ ಬೇಕೋ, ಪ್ರತಿ ವರ್ಷ ಬೇಕೋ ಎಂದೂ ಕೇಳುತ್ತದೆ. ಹಾಲಿನವನ ಹಣ, ನೀರಿನ ಮೋಟಾರು, ಗ್ಯಾಸಿನ ಸಿಲಿಂಡರು, ಹೇರ್ ಕಟಿಂಗು, ಎಲ್ಲ ಅದರಲ್ಲಿತ್ತು. ಒಂದೇ ತೊಡಕು, ಕಂಪ್ಯೂಟರ್ ಚಾಲೂ ಇದ್ದರಷ್ಟೇ ಅದು ಬಾಯಿ ಬಿಡುತ್ತಿತ್ತು. ಅದಕ್ಕೂ ಅವನು ಉಪಾಯ ಕಂಡುಹಿಡಿದಿದ್ದ. ಬೆಳಿಗ್ಗೆ ಎದ್ದ ಕೂಡಲೇ ಕಂಪ್ಯೂಟರ್ ಚಾಲೂ ಮಾಡಬೇಕೆಂದು ಕಂಪ್ಯೂಟರಿನಲ್ಲೇ ಬರೆದಿಟ್ಟಿದ್ದ. ಇವನು ಮಕ್ಕಳಿಗೆ ವಿಜ್ಞಾನ ಕಲಿಸುತ್ತಾನಲ್ಲ ಎಂದು ನನಗೆ ಆ ಮಕ್ಕಳ ಮೇಲೆ ಕನಿಕರ ಬಂತು.

ನನ್ನೆದುರಿಗೇ ಪಂಚಮಿಯನ್ನೂ ಸೇರಿಸಿದ. ಮೇಜು ಅತ್ತ ಸರಿಸಿ, ಹಿಂದಿನ ಕ್ಯಾಲೆಂಡರಿನಲ್ಲಿ ಬಗ್ಗಿ ನೋಡಿ, ಹಬ್ಬಕ್ಕೆ ಎರಡು ದಿನ ಮೊದಲಿನ ತಾರೀಕು ಹಾಕಿದ. "ಪ್ರತಿ ವರ್ಷ" ಎಂಬುದರ ಮೇಲೆ ಒತ್ತಿ, "ಮುಗೀತ. ನಾ ಮುದುಕ ಆಗೋತನಕ ಚಿಂತಿ ಇಲ್ಲ" ಎಂದು ಕೈ ಝಾಡಿಸಿದ.

ಆ ವರ್ಷ ಬರೋಬ್ಬರಿ ಹಬ್ಬಕ್ಕೆ ಎರಡು ದಿನ ಮೊದಲೇ ಬಂದ. ಒಂದೇ ತರಹದ ಚಪ್ಪಲಿ, ಇಸ್ತ್ರಿ ಮಾಡಿದ ಅಂಗಿ. ಅತ್ತೆಯ ಎದುರು ಕೂತು ಕಂಪ್ಯೂಟರಿನ ಮಹಿಮೆಯನ್ನು ಎಷ್ಟು ಕೊಂಡಾಡಿದನೆಂದರೆ ಅವರು ಅದಕ್ಕೊಂದು ಕಾಯಿ ಒಡೆಸಲಿಕ್ಕೆ ಹೇಳಿದರು. ಅವನು ನನ್ನ ಚೀಲ ಹಿಡಿದು ಮುಂದೆ, ನಾನು ಅವನ ಹಿಂದೆ ಓಣಿಯ ನಡುವೆ ತಲೆ ಎತ್ತಿ ನಡೆದೆ.

ಮರುವರ್ಷ ಅಧಿಕ ಶ್ರಾವಣ ಬಂತು. ನಮ್ಮ ಹಬ್ಬಗಳು ನಡೆಯುವುದು ತಿಥಿಯ ಮೇಲೆ, ಇಂಗ್ಲಿಷ್ ತಾರೀಕಿನ ಮೇಲಲ್ಲ. ಮೂರು ವರ್ಷಕ್ಕೊಮ್ಮೆ ಹೆಚ್ಚಿಗೆ ಬರುವ ಆ ಅಧಿಕ ಮಾಸದಲ್ಲಿ ಹಬ್ಬಗಳೇ ಇಲ್ಲ. ಅದು ಮುಗಿದು ನಿಜ ಶ್ರಾವಣ ಬಂದ ಮೇಲೆ ಪಂಚಮಿ. ಇದು ಹಿತ್ತಲಲ್ಲಿ ಬಟ್ಟೆ ಒಗೆಯುವವಳಿಗೂ ಗೊತ್ತು. ಆದರೆ ಆ ಪ್ರೋಗ್ರಾಂ ಮಾಡಿದವನಿಗೆ ಗೊತ್ತಿರಲಿಲ್ಲ. ಅದನ್ನು ನಂಬಿದ ನನ್ನ ತಮ್ಮ ಕ್ಯಾಲೆಂಡರಿನ ಮುಖ ನೋಡಿ ಒಂದು ವರ್ಷವಾಗಿತ್ತು.

ಅಧಿಕ ಮಾಸಕ್ಕೆ ನಮ್ಮ ಕಡೆ ಬೇರೆಯೇ ಒಂದು ಪದ್ಧತಿ ಇದೆ. ಹೆಣ್ಣಿನ ತವರಿನವರು ಬಂದು ಅಳಿಯನನ್ನು ಮಣೆಯ ಮೇಲೆ ಕೂಡಿಸಿ, ಮೂವತ್ಮೂರು ಅನಾರಸ, ಅಂದರೆ ಅಕ್ಕಿ ಬೆಲ್ಲದ ಕರಿದ ಸಿಹಿ, ಅದರ ಮೇಲೊಂದು ಬೆಳ್ಳಿಯ ದೀಪವಿಟ್ಟು ಬಾಗಿಣ ಕೊಡುತ್ತಾರೆ. ಅವ್ವ ಇದ್ದಾಗ ಕೊಟ್ಟಿದ್ದಳು. ಈ ಸಲ ಯಾರು ಕೊಡಬೇಕು ಎಂದು ನಾನು ಆ ಸುದ್ದಿಯನ್ನೇ ಎತ್ತಿರಲಿಲ್ಲ. ಅತ್ತೆಯೂ ಎತ್ತಿರಲಿಲ್ಲ. ಎದುರುಮನೆಯ ಅಳಿಯನಿಗೆ ಬಂದ ದೀಪದ ತೂಕವನ್ನು ಮಾತ್ರ ಆಗಾಗ ಹೇಳುತ್ತಿದ್ದರು.

ಹೀಗಿರುವಾಗ ಒಂದು ಶನಿವಾರ, ಬೆಳಗಿನ ಸಾಲೆ ಮುಗಿಸಿಕೊಂಡು ತಮ್ಮ ನಗುನಗುತ್ತ ಬಂದ. ನಾನು ಒಳಗೆ ಹಿಟ್ಟು ನಾದುತ್ತಿದ್ದೆ.

"ಬರ್ರಿ ಬರ್ರಿ!" ಅತ್ತೆಯ ಧ್ವನಿ ಕೇಳಿಸಿತು. "ಅವ್ವ ಇಲ್ಲಂದ್ರೂ ನಡಸ್ಕೊಂಡು ಹೊಂಟೀರಿ, ಭಾಳ ಛಲೋ ಆತು."

"ಹೆಂಗ ಬಿಡ್ಲಿಕ್ಕೆ ಬರ್ತದ್ರಿ ಕಾಕೂ? ವರ್ಷಾ ವರ್ಷ ಮಾಡೋದಲ್ಲೇನ್ರಿ?"

"ವರ್ಷಾ ವರ್ಷ?" ಅತ್ತೆಯ ಧ್ವನಿ ಏರಿತು. ಮೂರು ವರ್ಷಕ್ಕೊಂದು ದೀಪ ಸಾಕೆಂದು ಇದ್ದವರು ಅವರು.

ನಾನು ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ನಡುಮನೆಯಲ್ಲಿ ಮಣೆ ಬಿದ್ದಿತ್ತು. ಬನಿಯನ್ ಮೇಲೆ ಪೇಪರ್ ಓದುತ್ತಿದ್ದ ನನ್ನ ಗಂಡ ಮಡಿಧೋತ್ರ ಉಟ್ಟು, ಮೂಡಣ ಮುಖವಾಗಿ, ಹಣೆಗೆ ಕುಂಕುಮ ಹಚ್ಚಿಸಿಕೊಂಡು ಕೂತಿದ್ದರು. ಸ್ನಾನಕ್ಕೆ ಏಳಿ ಎಂದರೆ ತಾಸುಗಟ್ಟಲೆ ಏಳದ ಮನುಷ್ಯ! ತಮ್ಮನಿಗೆ ಈ ಸಂಭ್ರಮ ಯಾಕೆಂದು ತಿಳಿಯಲಿಲ್ಲ. ಆದರೂ ತನ್ನ ಮರ್ಯಾದೆಗೇ ಇದೆಲ್ಲ ನಡೆದಿದೆ ಎಂದು ಭಾವಿಸಿ ನಿಂತಿದ್ದ. ಅತ್ತೆ ತಡೆಯಲಾರದೆ ಅವನ ಚೀಲದಿಂದ ಇಣುಕುತ್ತಿದ್ದ ಡಬ್ಬಿಯನ್ನು ತಾವೇ ತೆಗೆದು, ತೆರೆದು, ಒಳಗಿನದನ್ನು ಎತ್ತಿ ಹಿಡಿದರು.

"ಇದೇನ್ರಿ ಇದು? ದೀಪಕ್ಕ ದಾರ ಯಾಕ ಅದ?"

"ಅದು ಕಂಪ್ಯೂಟರಿನ ಮೌಸ್ರಿ ಕಾಕೂ. ಹಳೇದು ಕೆಟ್ಟಿತ್ತು, ದಾರ್ಯಾಗ ತಗೊಂಡೆ." ಆಮೇಲೆ ನನ್ನನ್ನು ಕಂಡು, "ಅಕ್ಕಾ, ಲಗೂ ತಯಾರಾಗು. ನಾಡಿದ್ದ ಪಂಚಮಿ" ಎಂದ.

ಅತ್ತೆ ಮೌಸನ್ನು ಜೋಪಾನವಾಗಿ ಡಬ್ಬಿಯಲ್ಲಿಟ್ಟು, ಅವನ ರಟ್ಟೆ ಹಿಡಿದು ಗೋಡೆಯ ಕ್ಯಾಲೆಂಡರಿನ ಎದುರು ನಿಲ್ಲಿಸಿದರು. "ಅಧಿಕದಾಗ ಪಂಚಮಿ ಎಲ್ಲಿಂದ ಬಂತಪಾ? ನಿಜ ಶ್ರಾವಣ ಇನ್ನ ಮುಂದ ಅದ. ನಿಮಗ ಹೇಳಿದವರ್ಯಾರು?"

"ಕಂಪ್ಯೂಟರ್ರಿ" ಎಂದ ತಮ್ಮ, ಕೇಳಿಸದ ಹಾಗೆ.

ಅತ್ತೆ ದೀಪ ಹೋದ ಸಂಕಟದಲ್ಲೂ ಸೆರಗು ಬಾಯಿಗೆ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನನ್ನ ಗಂಡ ಮಣೆಯ ಮೇಲಿಂದಲೇ, "ಈಗ ನಾ ಏಳ್ಲೋ, ಕೂಡ್ಲೋ?" ಎಂದು ಕೇಳಿದರು.

ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯುತ್ತಿತ್ತು. ಅವಲಕ್ಕಿ ತಿಂದು ಹೊರಟವನನ್ನು ಗೇಟಿನ ತನಕ ಕಳಿಸಲು ಹೋಗಿ ಅಂದೇಬಿಟ್ಟೆ: "ಹೋದ ವರ್ಷನೂ ನೀ ಬಂದಿರಲಿಲ್ಲ, ಅದು ನಿನ್ನ ಕಳಿಸಿತ್ತು. ಈ ವರ್ಷನೂ ಅದ ಕಳಿಸ್ಯದ. ಮುಂದಿನ ಸಲ ಅದನ್ನ ಬಸ್ ಹತ್ತಿಸಿ ಕಳಸು, ಅದರ ಜೋಡಿನ ಬರ್ತೇನಿ." ಅವನು ನನ್ನ ಚೀಲವಿಲ್ಲದೆ, ತನ್ನ ಮೌಸಿನ ಡಬ್ಬಿಯೊಂದನ್ನೇ ಹಿಡಿದು ಸ್ಟಾಪಿನ ಕಡೆ ನಡೆದುಹೋದ.

ನಿಜ ಶ್ರಾವಣ ಬಂತು. ಕಂಪ್ಯೂಟರ್ ಆ ವರ್ಷದ ಗಂಟೆ ಬಾರಿಸಿಯಾಗಿತ್ತು, ಇನ್ನು ಮುಂದಿನ ವರ್ಷದ ತನಕ ಅದು ಸುಮ್ಮನೆ. ನಾನಾಗಿ ನೆನಪಿಸುವ ಪೈಕಿ ಅಲ್ಲ. ಕೇಳಿ ಕರೆಸಿಕೊಂಡರೆ ಅದಕ್ಕೆ ಕರೆ ಎನ್ನುತ್ತಾರೆಯೇ? ನಡುವೆ ಒಂದು ದಿನ ಅವನೇ ಫೋನ್ ಮಾಡಿ ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕೆಂದು ಕೇಳಿದ. ಹೇಳಿದೆ. "ಮತ್ತೇನು ವಿಶೇಷ?" ಎಂದೆ. ಏನಿಲ್ಲ ಎಂದ. "ಮಳಿ ಹೆಂಗದ? ಸಾಲಿ ರಜಾ ಯಾವಾಗ? ಅಂಗಡ್ಯಾಗ ಎಳ್ಳು ತುಟ್ಟಿ ಆಗ್ಯಾವಂತ?" ಎಂದು ಪಂಚಮಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದೆ. ಆ ಪುಣ್ಯಾತ್ಮ ಸಾರು ಉಕ್ಕಿತೆಂದು ಫೋನ್ ಇಟ್ಟ. ನಾನು ಅಡಿಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. "ಈ ಸಲ ಇಲ್ಲೇ ಇರ್ತೀಯಲ್ಲ?" ಎಂದು ಅತ್ತೆ ಮೆಲ್ಲಗೆ ಕೇಳಿ ಉಂಡಿಗೆ ಎಳ್ಳು ಹುರಿಯತೊಡಗಿದರು. ಅವರಿಗೂ ನನ್ನ ಮುಖ ನೋಡಲಾಗುತ್ತಿರಲಿಲ್ಲ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ, ನಾನು ಅಂಗಳಕ್ಕೆ ನೀರು ಹಾಕುತ್ತಿದ್ದಾಗ, ಗೇಟಿನ ಹೊರಗೆ ಅವನು ನಿಂತಿದ್ದ. ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದ.

"ಮತ್ತೇನು ಹೇಳ್ತು ನಿನ್ನ ಕಂಪ್ಯೂಟರ್?" ಎಂದೆ. ಹೊಸ ತಾರೀಕು ಬರೆದಿಟ್ಟಿರುತ್ತಾನೆ, ಅಷ್ಟೇ ಎಂದುಕೊಂಡಿದ್ದೆ.

"ಬರಿಬೇಕಂತ ಕೂತಿದ್ದೆ ಅಕ್ಕಾ. ಬರಿಲಿಲ್ಲ" ಎಂದ. "ಅವ್ವ ಇದ್ದಾಗ ಆಕಿ ಹೇಳ್ತಿದ್ದಳು ಅಂತ ಬರ್ತಿದ್ದೆ. ಆಮ್ಯಾಲೆ ಅದು ಹೇಳ್ತು ಅಂತ ಬಂದೆ. ಈ ಸಲ ನನಗ ಯಾರೂ ಹೇಳಿಲ್ಲ."

ಬಯ್ಯಬೇಕೆಂದು ಇಷ್ಟು ದಿನ ಕೂಡಿಸಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. ನನಗೆ ತವರಿದೆ ಎಂದಷ್ಟೇ ತಿಳಿಯಿತು. ಬಕೆಟ್ ಕೆಳಗಿಟ್ಟು, ಓಣಿಯವರೆಲ್ಲ ನೋಡುತ್ತಿದ್ದರೂ ಲೆಕ್ಕಿಸದೆ, ಗೇಟು ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟೆ. ತಮ್ಮನ ಮುಖ ಕಪ್ಪಿಟ್ಟಿತು. ಅವನು ಹತ್ತಿರ ಬಂದು, ಒಳಗಿರುವ ಅತ್ತೆಗೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದ:

"ಯಾಕಕ್ಕಾ, ನಾಳೆನೂ ಪಂಚಮಿ ಅಲ್ಲೇನು?"