ಕಿವಿ ಬಿಡದ ಸುಶೀಲಕ್ಕ

ಆ ಮಂಗಳವಾರ ಮುಂಜಾನೆ ಬೀದರಿನ ನನ್ನ ಪ್ರಿಂಟಿಂಗ್ ಅಂಗಡಿಯಲ್ಲಿ ಮೂರೇ ಜನ ಇದ್ದೆವು. ಹೊಸ ಕಂಪ್ಯೂಟರಿನ ಮುಂದೆ ಸುಶೀಲಕ್ಕ, ಅವಳ ಕುರ್ಚಿಯ ಬೆನ್ನು ಹಿಡಿದು ನಿಂತ ನಾನು, ಬಾಗಿಲ ಬದಿಯ ಸ್ಟೂಲಿನ ಮೇಲೆ ಡಾಬಕಾ ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಗಂಗೂಬಾಯಿ. ಪರದೆಯ ಮೇಲೆ ಚೆಂಡು ಹೂವಿನ ಅಂಚು ಬಂತು. ಎರಡೂ ಬದಿಗೆ ದೀಪಗಳು ಬಂದವು. ಕೆಳಗೆ ಗಂಗೂಬಾಯಿಯ ತೀರಿಹೋದ ಗಂಡನ ಹೆಸರು ಬಂತು. ನಡುವೆ, ಮುಖ ಇರಬೇಕಾದ ಕಡೆ, ಬೂದುಬಣ್ಣದ ಒಂದು ಚೌಕ. ಅದರ ಮೇಲೆ ಮೂಲೆಯಿಂದ ಮೂಲೆಗೆ ಎಳೆದ ಎರಡು ಗೆರೆ.

ಗಂಗೂಬಾಯಿ ಕಣ್ಣು ಕಿರಿದು ಮಾಡಿ ನೋಡಿದಳು. "ಇನ್ನಾ ಬರ್ಲತ್ತಾರೇನ್ರಿ, ಅಕ್ಕೋರ?"

ಸುಶೀಲಕ್ಕ ತಿರುಗಿ ನನ್ನನ್ನು ನೋಡಿದಳು. ಆ ನೋಟದ ಮಾತು ಆಮೇಲೆ. ಮೊದಲು ಅವಳು ಯಾರೆಂದು ಹೇಳಬೇಕು, ಇಲ್ಲದಿದ್ದರೆ ನನ್ನ ತಪ್ಪಿನ ಅಳತೆ ನಿಮಗೆ ಸಿಗುವುದಿಲ್ಲ.

ಸುಶೀಲಕ್ಕ ಭಾಲ್ಕಿಯವಳು, ಮೆಥೋಡಿಸ್ಟ್ ಮನೆತನದ ಹೆಣ್ಣುಮಗಳು. ಅಪ್ಪ ಮಿಷನ್ ಶಾಲೆಯಲ್ಲಿ ಮಾಸ್ತರ, ಅಕ್ಕ ನರ್ಸು. ಇವಳೊಬ್ಬಳು ಮದುವೆಯೂ ಬೇಡ, ಸರಕಾರಿ ನೌಕರಿಯೂ ಬೇಡ ಎಂದು ಟೈಪಿಂಗ್ ಕಲಿತು, ಅಲ್ಲಿಂದ ಡಿಟಿಪಿ ಕಲಿತು ನನ್ನ ಅಂಗಡಿಗೆ ಬಂದಳು. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಸಂಬಳ ಕೊಡುವವನಾದರೂ ಅವಳಿಗೆ "ತಮ್ಮಾ". ಕನ್ನಡಕಕ್ಕೆ ಕಪ್ಪು ದಾರ, ಬೆರಳಿಗೆ ಸದಾ ಶಾಯಿ. ಆಗಿನ ಹಳೆಯ ಕಂಪ್ಯೂಟರಿಗೆ ಅವಳಿಟ್ಟ ಹೆಸರು ಬುಡ್ಡಾ, ಅಂದರೆ ಮುದುಕ. ಅದು ಚಾಲೂ ಆಗುವಷ್ಟರಲ್ಲಿ ಒಂದು ಕಪ್ ಚಹಾ ಮುಗಿಯುತ್ತಿತ್ತು. ಗಿರಾಕಿ ಅವಸರ ಮಾಡಿದರೆ, "ಬುಡ್ಡಾ ಇನ್ನಾ ಮಕ ತೊಳ್ಕೊಳ್ಲತ್ತಾನ, ಕೂಡ್ರಿ" ಎನ್ನುವಳು. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ, "ನಮಗ ಸೆಕಿ ಆದ್ರ ಆಗ್ಲಿ, ಆತಗ ಆಗಬಾರ್ದು" ಎಂದು ಫ್ಯಾನನ್ನು ಅದರ ಕಡೆಗೇ ತಿರುಗಿಸುವಳು.

ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ಮದುವೆ ಪತ್ರಿಕೆಯ ಕೆಲಸ ಕಡಿಮೆಯಾಗಿ, ಬೇರೊಂದು ಕೆಲಸ ಹೆಚ್ಚಾಯಿತು. ಔರಾದ ಕಡೆಯ ಹಳ್ಳಿಗಳ ಜನ ಪುಣೆಗೆ, ಹೈದರಾಬಾದಿಗೆ ದುಡಿಯಲು ಹೊರಡುವ ಮೊದಲು ನಮ್ಮಲ್ಲಿಗೆ ಬರುತ್ತಿದ್ದರು. ಒಬ್ಬರ ಕೈಯಲ್ಲಿ ಹಳೆಯ ರೇಷನ್ ಕಾರ್ಡು, ಇನ್ನೊಬ್ಬರ ಕೈಯಲ್ಲಿ ಶಾಲೆಯ ಗುಂಪುಚಿತ್ರ, ಮತ್ತೊಬ್ಬರ ಕೈಯಲ್ಲಿ ಮುದುಡಿದ ಪಾಸ್‌ಪೋರ್ಟ್ ಸೈಜು. ಇವರ ಮನೆಯವರೆಲ್ಲ ಒಟ್ಟಿಗೆ ಕೂತ ಒಂದು ಫೋಟೋ ಯಾವ ಮನೆಯಲ್ಲೂ ಇರುತ್ತಿರಲಿಲ್ಲ. ಅಕ್ಕ ಒಂದೊಂದು ಮುಖವನ್ನು ಬೇರೆ ಬೇರೆ ಕಡೆಯಿಂದ ಕತ್ತರಿಸಿ ತೆಗೆದು, ಸತ್ತವರನ್ನೂ ಇದ್ದವರನ್ನೂ ಒಂದೇ ಸಾಲಿನಲ್ಲಿ ಕೂರಿಸುವಳು. ಜನ ಅದಕ್ಕೆ ಜೋಡು ಫೋಟೋ ಅನ್ನುತ್ತಿದ್ದರು. ಆ ಫೋಟೋ ಟ್ರಂಕಿನಲ್ಲಿಟ್ಟುಕೊಂಡು ಊರು ಬಿಡುತ್ತಿದ್ದರು.

ಮುಖ ಕತ್ತರಿಸುವಾಗ ಅವಳ ಜೀವವೆಲ್ಲ ಕಿವಿಯಲ್ಲಿ. ಬೇರೆ ಅಂಗಡಿಯವರು ಕೆನ್ನೆಯ ಅಂಚಿಗೆ ಸರ್ರನೆ ಗೆರೆ ಎಳೆದು ಕಿವಿಯನ್ನು ಅರ್ಧಕ್ಕೇ ಬಿಡುತ್ತಿದ್ದರು. ಇವಳು ಒಂದು ಕಿವಿಗೆ ಅರ್ಧ ಗಂಟೆ ತೆಗೆದುಕೊಳ್ಳುವಳು. ನಾನು ರೇಗಿದರೆ ಹೇಳುವಳು: "ಕಣ್ಣ ಮೂಗ ಎಲ್ಲಾರೂ ನೋಡ್ತಾರ, ತಮ್ಮಾ. ಕಿವಿ ನೋಡಾಕಿ ತಾಯಿ ಒಬ್ಬಾಕಿನೇ. ಎಣ್ಣಿ ಹಾಕಿ ತಿಕ್ಕಿರ್ತಾಳ ಅಲ್ಲ? ಕಿವಿ ಬಿಟ್ಟು ಕೊಟ್ರ, ಇವ ನನ್ನ ಮಗ ಅಲ್ಲ ಅಂತಾಳ."

ಬಗದಲ್‌ನ ಒಬ್ಬ ದೊಡ್ಡ ಧ್ವನಿಯ ಮನುಷ್ಯ ಬಂದು, ಜಗಳ ಆಡಿದ ತಮ್ಮನನ್ನು ಜೋಡು ಫೋಟೋದಿಂದ ತೆಗೆದುಹಾಕು ಎಂದು ಹಟ ಹಿಡಿದ. ಅಕ್ಕ ಎರಡು ಮಾತಾಡದೆ ತೆಗೆದು ಪ್ರಿಂಟು ಕೊಟ್ಟಳು. ಒಂದೂವರೆ ವರ್ಷಕ್ಕೆ ಅದೇ ಮನುಷ್ಯ ಟೊಪ್ಪಿಗೆ ಕೈಯಲ್ಲಿ ಹಿಡಿದು ಬಂದ. ತಮ್ಮ ಹೈದರಾಬಾದಿನಲ್ಲಿ ತೀರಿಕೊಂಡಿದ್ದ. "ಅವನ್ನ ಮತ್ತ ಹಾಕ್ಲಾಕ ಬರ್ತದೇನ್ರಿ?" ಎಂದು ಕೇಳುವಷ್ಟರಲ್ಲಿ ಅವನ ಧ್ವನಿ ಇಷ್ಟೇ ಇಷ್ಟಾಗಿತ್ತು. ಅಕ್ಕ ಫೈಲು ತೆರೆದು, ಚಿತ್ರದ ಹಿಂದೆ ಎಳೆದಿದ್ದ ಪರದೆಯೊಂದನ್ನು ಸರಿಸಿದಳು. ತಮ್ಮ ಅಲ್ಲಿಯೇ ಕುಳಿತಿದ್ದ, ಎರಡೂ ಕಿವಿ ಸಮೇತ. "ನಾ ತೆಗದೇ ಇದ್ದಿಲ್ರಿ. ಪಡದಾ ಹಿಂದ ಕುಂದ್ರಿಸಿದ್ದೆ. ಇವತ್ತಿಲ್ಲ ನಾಳಿ ಬರ್ತೀರಿ ಅಂತ ಗೊತ್ತಿತ್ತು." ಆ ಮನುಷ್ಯ ಅಂಗಡಿಯಲ್ಲೇ ಅತ್ತ. ಅಕ್ಕ ಅವನಿಗೆ ಚಹಾ ತರಿಸಿ, "ಬೈಯೋದಿದ್ರ ಇನ್ಮ್ಯಾಲ ಇದ್ದವರಿಗಿ ಬೈರಿ" ಎಂದು ಒಂದು ಮಾತು ಚುಚ್ಚಿಯೇ ಕಳಿಸಿದಳು.

ಅಂಥವಳ ಬುಡ್ಡಾ ಹದಿನಾಲ್ಕು ವರ್ಷ ದುಡಿದು ಸೋತಿತ್ತು, ನಿಜ. ಎದುರಿನ ಅಂಗಡಿಯವನು ಬಣ್ಣದ ದೀಪ ಉರಿಯುವ, ಗಾಜಿನ ಬದಿಯ ಹೊಸ ಯಂತ್ರ ತಂದಿಟ್ಟಾಗಿನಿಂದ ನನಗೂ ಹೊಟ್ಟೆಯೊಳಗೆ ಉರಿಯುತ್ತಿತ್ತು. ಮಾರುವವನು ಬಂದು, ಹಳೆಯದನ್ನು ಶನಿವಾರದೊಳಗೆ ಕೊಟ್ಟರೆ ಬೆಲೆಯಲ್ಲಿ ಇಳಿಸುತ್ತೇನೆ, ಹೊಸ ಡಿಸೈನ್ ಸಾಫ್ಟ್‌ವೇರ್ ಕೂಡ ಹಾಕಿಕೊಡುತ್ತೇನೆ ಎಂದ. ಅದೇ ವಾರ ಸುಶೀಲಕ್ಕ ತನ್ನ ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಭಾಲ್ಕಿಗೆ ಹೊರಟಿದ್ದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು: "ನಾ ಬರೋತನಕ ಬುಡ್ಡಾನ ಕೊಡಬ್ಯಾಡ, ತಮ್ಮಾ. ಮಕ ಎಲ್ಲಾ ಆತನ ಒಳಗೇ ಬ್ಯಾರೆ ಡ್ರೈವಿನಾಗ ಇಟ್ಟೀನಿ. ನಾನೇ ತೆಗೀತೇನಿ."

ಕೇಳಿಸಿಕೊಂಡೆ. ಕೇಳಿಸಿರಲಿಲ್ಲ ಎಂದು ಎಷ್ಟೋ ಜನರ ಮುಂದೆ ಹೇಳಿದ್ದೇನೆ, ಇಲ್ಲಿ ಹೇಳುವುದಿಲ್ಲ.

ಶುಕ್ರವಾರ ನಾನೇ ಕುಳಿತು ಡಿಸೈನ್ ಎಂಬ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಕೊಂಡೆ. ಒಂದು ಫೈಲು ತೆರೆದು ನೋಡಿದೆ, ಹಳೆಯ ಯಂತ್ರದಲ್ಲೇ. ಎಲ್ಲ ಸರಿಯಾಗಿ ಕಂಡಿತು. ಶನಿವಾರ ಬುಡ್ಡಾನನ್ನು ಕೊಟ್ಟುಬಿಟ್ಟೆ. ಸೋಮವಾರ ಅಕ್ಕ ಬಂದಳು. ಖಾಲಿ ಮೂಲೆ ನೋಡಿ ನಿಂತಳು. "ಎಲ್ಲಾ ತಗೊಂಡ್ಯಾ?" "ಎಲ್ಲಾ ತಗೊಂಡೀನಿ, ಅಕ್ಕ." ನಂಬಿದಳು. ನಾನು ಉಬ್ಬಿ, ಹೊಸ ಸಾಫ್ಟ್‌ವೇರಿನಲ್ಲಿ ನನ್ನದೇ ಫೋಟೋ ಹಾಕಿ ಒಂದು ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಹಿನ್ನೆಲೆಯೆಲ್ಲ ಮಾಯವಾಗಿ ಮುಖ ಬೇರೆಯಾಯಿತು. ಅಕ್ಕ ಪರದೆಯ ಹತ್ತಿರ ಬಗ್ಗಿದಳು. "ಕಿವಿ ಎಲ್ಲಿ ಹೋಯ್ತು?" ನಾನು ನಕ್ಕೆ. "ನನಗ ತಾಯಿ ಇಲ್ಲಲ್ಲ ಅಕ್ಕ, ನೋಡೋರು ಯಾರು?" ಅವಳು ನಗಲಿಲ್ಲ.

ಮರುದಿನ ಗಂಗೂಬಾಯಿ ಬಂದಳು.

ಆಗ ನನಗೆ ತಿಳಿದದ್ದು ಇಷ್ಟು. ಅಕ್ಕನ ಹಳೆಯ ಫೈಲುಗಳ ಒಳಗೆ ಮುಖ ಇರುತ್ತಲೇ ಇರಲಿಲ್ಲ. ಮುಖ ಯಾವ ಡ್ರೈವಿನಲ್ಲಿ, ಯಾವ ಊರಿನ ಹೆಸರಿನ ಫೋಲ್ಡರಿನಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತಿತ್ತು. ಹಳೆಯ ಯಂತ್ರ ಆ ವಿಳಾಸ ಹಿಡಿದು ಹೋಗಿ ಮುಖ ತಂದು ತೋರಿಸುತ್ತಿತ್ತು. ನಾನು ಹೂವು, ದೀಪ, ಹೆಸರು ಎಲ್ಲ ತಂದಿದ್ದೆ. ಮುಖಗಳ ಡ್ರೈವನ್ನು ಮುಟ್ಟಿಯೂ ಇರಲಿಲ್ಲ.

ಗಂಗೂಬಾಯಿಗೆ ಬೇಕಾದದ್ದು ದೊಡ್ಡದೇನಲ್ಲ. ಶುಕ್ರವಾರ ಮಗಳ ಮದುವೆ. ಗಂಡನ ಫೋಟೋ ಕುರ್ಚಿಯ ಮೇಲಿಟ್ಟು ಮಗಳು ಮೊದಲು ಅಪ್ಪನಿಗೆ ಕೈಮುಗಿದು ಆಮೇಲೆ ಬುದ್ಧನ ಪಟದ ಮುಂದೆ ಹೋಗಿ ನಿಲ್ಲಬೇಕು. ಅಕ್ಕ ಮಾಡಿಕೊಟ್ಟಿದ್ದ ಪ್ರಿಂಟು, ಅವರು ದುಡಿಯಲು ಹೋಗಿದ್ದ ಪುಣೆಯ ತಗಡಿನ ಶೆಡ್ಡಿನಲ್ಲಿ ನೀರಿಗೆ ಸಿಕ್ಕಿ ಹೋಗಿತ್ತು. ಮೂಲ ಫೋಟೋ ಇದ್ದ ರೇಷನ್ ಕಾರ್ಡು ಹೊಸ ಕಾರ್ಡು ಕೊಡುವಾಗ ವಾಪಸು ಹೋಗಿತ್ತು. "ಬೀದರ್ ಅಕ್ಕೋರ ಬಲ್ಲಿ ಅದಾರ ಅಂತ ಧೈರ್ಯದಾಗ ಇದ್ದೆನ್ರಿ" ಎಂದಳು ಗಂಗೂಬಾಯಿ.

ಹೊಸ ಯಂತ್ರ ಮಾರಿದವನ ಬಳಿಗೆ ಓಡಿದೆ. ಅವನು ಹಳೆಯದರ ಡಿಸ್ಕನ್ನು ಶನಿವಾರವೇ ಅಳಿಸಿ, ಒಳಗಿನ ಬಿಡಿಭಾಗಗಳ ಜೊತೆ ಹೈದರಾಬಾದಿಗೆ ಕಳಿಸಿಯಾಗಿತ್ತು. ಅಲ್ಲಿಗೆ ಫೋನು ಹಚ್ಚಿದರೆ ಅಲ್ಲಿಯವನು ನಕ್ಕ.

ತಿರುಗಿ ಬಂದಾಗ ಇಬ್ಬರೂ ಕೂತ ಹಾಗೆಯೇ ಕೂತಿದ್ದರು. ನಾನು ಏನೋ ಹೇಳಹೊರಟೆ. ಗಂಗೂಬಾಯಿಯೇ ತಡೆದಳು. "ಹೋಗ್ಲಿ ಬಿಡ್ರಿ. ಹೆಸರಾದ್ರೂ ಅದ ಅಲ್ಲ. ಅದನ್ನೇ ಕೊಡ್ರಿ. ಹುಡ್ಗಿಗಿ ಅಪ್ಪನ ಮಕ ನೆನಪದ."

ಸುಶೀಲಕ್ಕ ಆ ಬೂದು ಚೌಕವನ್ನು ಹಾಗೇ ಕೊಡಲು ಒಪ್ಪಲಿಲ್ಲ. ಗೆರೆ ಅಳಿಸಿ, ಅಷ್ಟೂ ಜಾಗಕ್ಕೆ ತಿಳಿ ನೀಲಿ ತುಂಬಿದಳು. ಅಂಚಿನಲ್ಲಿ ಎಲ್ಲೂ ಬಿಳಿ ಉಳಿಯದಂತೆ ಅರ್ಧ ಗಂಟೆ ತಿದ್ದಿದಳು. ಕಿವಿ ತಿದ್ದುವಾಗಿನ ಅದೇ ಕುಳಿತ ಭಂಗಿ, ಅದೇ ಉಸಿರು ಹಿಡಿದ ಮೋರೆ. ಗಂಗೂಬಾಯಿ ಆ ಪ್ರಿಂಟನ್ನು ಸೆರಗಿನಲ್ಲಿ ಸುತ್ತಿಕೊಂಡು ಔರಾದ ಬಸ್ಸಿಗೆ ಹೋದಳು.

ಅವಳು ಹೋದ ಮೇಲೆ ಅಕ್ಕ ಕನ್ನಡಕ ತೆಗೆದು ಒರೆಸಿದಳು. "ಹೊಸಾದು ಛಲೋ ಅದರಿ, ಮಾಲಕ್ರ" ಎಂದಳು. "ಭಾಳ ಜಲ್ದಿ ಅದ."

ಅಷ್ಟು ವರ್ಷಗಳಲ್ಲಿ ಅವಳು ನನ್ನನ್ನು ಮಾಲಕ್ರ ಎಂದದ್ದು ಅದೇ ಮೊದಲು. ತಿಂಗಳು ತುಂಬಿಸಿ, ಹೊಸಬನಿಗೆ ಕೆಲಸ ತೋರಿಸಿಕೊಟ್ಟು ಭಾಲ್ಕಿಗೆ ಹೊರಟುಹೋದಳು. ಅಷ್ಟರೊಳಗೆ ಇನ್ನೂ ಐದಾರು ಮನೆಯವರು ಮುಖ ಕೇಳಿಕೊಂಡು ಬಂದಿದ್ದರು. ಪ್ರತಿಯೊಬ್ಬರಿಗೂ ಅವಳೇ ಹೇಳಿದಳು, "ನನ್ನ ಕಡಿಂದ ತಪ್ಪಾಗ್ಯಾದ್ರಿ" ಎಂದು. ನಾನು ಪಕ್ಕದಲ್ಲೇ ಮದುವೆ ಪತ್ರಿಕೆ ಎಣಿಸುತ್ತ ಇದ್ದೆ.

ಎರಡು ವರ್ಷದ ಮೇಲೆ ಒಮ್ಮೆ ಭಾಲ್ಕಿಗೆ ಹೋಗಿ ಅವಳ ಮನೆಯ ಬಾಗಿಲು ತಟ್ಟಿದೆ. ಬಡವಾಗಿದ್ದಳು. ವಾಪಸು ಬಾ ಅಕ್ಕ, ಸಂಬಳ ಹೆಚ್ಚು ಮಾಡುತ್ತೇನೆ ಎಂದೆ. ಆಕೆ ಕಪ್ಪಿನಿಂದ ಬಸಿ ತುಂಬ ಚಹಾ ಸುರಿದು ನನ್ನ ಮುಂದಿಟ್ಟಳು.

"ಡಾಬಕಾದವನ ಎಡಗಿವಿ ತುದಿ ಸೀಳಿತ್ತು" ಎಂದಳು. "ಬಗದಲ್ ತಮ್ಮಂದು ಕಿವಿ ಹಾಲಿ ಸಣ್ಣದು. ಎಲ್ಲಾ ನೆನಪದ. ನೆನಪಿಂದು ಪ್ರಿಂಟ್ ತೆಗೀಲಾಕ ಬರೋದಿಲ್ಲಲ್ರಿ, ಮಾಲಕ್ರ. ಛಾ ಕುಡೀರಿ, ಆರ್ತದ."

ಕುಡಿದು ಎದ್ದೆ. ಬಾಗಿಲತನಕ ಬಂದಳು. ಮತ್ತೆ ಬಾ ಎನ್ನಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅವಳ ಅಕ್ಕನ ಮಗ ಒಂದು ರಾತ್ರಿ ಫೋನು ಮಾಡಿ ಅವಳು ತೀರಿಕೊಂಡ ಸುದ್ದಿ ಹೇಳಿದ. ಮುಂಜಾನೆ ಎದ್ದು, ಅಂಗಡಿಗೂ ಹೋಗದೆ ಸೀದಾ ಭಾಲ್ಕಿ ಬಸ್ಸು ಹತ್ತಿದೆ. ಸ್ಮಶಾನದ ಗೇಟಿಗೆ ಸುಶೀಲಕ್ಕನ ಬ್ಯಾನರು ಕಟ್ಟಿದ್ದರು. ಯಾವುದೋ ಗುಂಪುಚಿತ್ರದಿಂದ ತೆಗೆದ ಮುಖ. ಹಿನ್ನೆಲೆಗೆ ಮೋಡ, ಎರಡು ಬಿಳಿ ಪಾರಿವಾಳ. ಕನ್ನಡಕದ ದಾರ ನಡುವೆಯೇ ತುಂಡಾಗಿತ್ತು. ಬಲಗಿವಿ ಅರ್ಧ ಇತ್ತು. ಎಡಗಿವಿ ಇರಲೇ ಇಲ್ಲ.

ಫೋನು ಮಾಡಿದ್ದ ಹುಡುಗ ನನ್ನ ಪಕ್ಕಕ್ಕೆ ಬಂದು ನಿಂತ. "ನಿನ್ನಿ ಸಂಜಿಕಿ ಮೊಬೈಲಿನಾಗ ಫೋಟೋ ಕಳಿಸಿದ್ವಿರಿ. ಇವತ್ತ ಮುಂಜಾನಿ ಬಸ್ಸಿಗೇ ಬಂತು. ಭಾಳ ಜಲ್ದಿ ಮಾಡಿಕೊಟ್ರಿ."

ನಾನು ಬಗ್ಗಿ ಬ್ಯಾನರಿನ ಕೆಳಮೂಲೆ ನೋಡಿದೆ. ಸಣ್ಣ ಅಕ್ಷರದಲ್ಲಿ ನನ್ನ ಅಂಗಡಿಯ ಹೆಸರಿತ್ತು.