ಗರಿಗರಿ ಬಟ್ಟೆಯ ಸಾಲಗಾರ್ತಿ

ಇನ್ನೂ ಬೆಳಕು ಹರಿದಿಲ್ಲ. ಬಟ್ಟೆ ಒಗೆಯುವ ಕಾರ್ಖಾನೆಯ ಒಳಗೆ ಆಗಲೇ ಆವಿ ತುಂಬಿಕೊಂಡಿದೆ. ಮೂಲೆಯ ಮೇಜಿನ ಬಳಿ ಇಸ್ತ್ರಿ ಅಕ್ಕ ಬೆರಳ ತುದಿಯಿಂದ ನೀರು ಚಿಮುಕಿಸಿ ಪೆಟ್ಟಿಗೆ ಒತ್ತುತ್ತಾಳೆ. ಚುರ್ ಎನ್ನುತ್ತದೆ. ಅವಳ ಎಡ ಮುಂಗೈಯಲ್ಲಿ ಸುಟ್ಟ ಗೆರೆಗಳು ಒಂದರ ಪಕ್ಕ ಒಂದು. ದಿನಕ್ಕೆ ನೂರು ಅಂಗಿ, ಅದರ ಮೇಲೆ ಹೋಟೆಲುಗಳ ದಿಂಬಿನ ಗವಸು. ಹದಿನೆಂಟು ವರ್ಷದಿಂದ ಇದೇ ಮೇಜು.

ಆದರೆ ದುಡಿದ ಕೂಲಿ ಪೂರ್ತಿಯಾಗಿ ಕೈಗೆ ಬರದೆ ವರ್ಷವಾಯಿತು. ಗೋಡೆಗೆ ಬಣ್ಣ ಬಳಿಯುತ್ತಿದ್ದ ಗಂಡ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡ. ಆಪರೇಷನ್ನಿಗೆಂದು ಇವಳ ಹೆಸರಿನಲ್ಲಿ ತೆಗೆದ ಸಾಲದ ಕಂತುಗಳು ತಪ್ಪಿದವು. ಸಾಲ ಕೊಟ್ಟ ಕಂಪನಿ ಕೋರ್ಟಿನಿಂದ ಆದೇಶ ತಂದಿತು. ಈಗ ಸಂಬಳದ ಕಾಲು ಭಾಗವನ್ನು ಮಾಲೀಕನೇ ಮುರಿದು ಕಂಪನಿಗೆ ಕಳಿಸುತ್ತಾನೆ.

"ದುಡಿಯೋಳು ನೀನು, ಮೊದಲ ತುತ್ತು ಅವರದ್ದು. ಮದುವೆ ಮಾಡ್ಕೊಂಡಿದ್ದು ನನ್ನಾ, ಕಂಪನಿನಾ?" ಎಂದು ಗಂಡ ಗಾಲಿಕುರ್ಚಿಯಲ್ಲಿ ಕೂತು ರೇಗಿಸುತ್ತಾನೆ.

ಅವರ ಬಾಡಿಗೆ ಕೋಣೆ ನೆಲಮಟ್ಟದಲ್ಲಿದೆ. ಕುರ್ಚಿ ತಳ್ಳಿದರೆ ಬೀದಿ. ಬಾಗಿಲಲ್ಲಿ ಕೂತು ಹೋಗಿಬರುವವರ ಕಾಲೆಳೆಯುವುದೊಂದೇ ಗಂಡನಿಗೆ ಉಳಿದಿರುವ ಸುಖ. ಕಾಲು ಭಾಗ ಹೋದ ಸಂಬಳದಲ್ಲಿ ಈ ಬಾಡಿಗೆ ನೀಗುವುದಿಲ್ಲ. ಅಗ್ಗದ ಕೋಣೆ ಇರುವುದು ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಒಮ್ಮೆ ಹತ್ತಿಸಿದರೆ ಅವನು ಮತ್ತೆ ಬೀದಿಗೆ ಇಳಿಯುವಂತಿಲ್ಲ.

ಮನೆ ನಡೆಯದಷ್ಟು ಕಷ್ಟವಿದ್ದರೆ ಕಡಿತ ತಗ್ಗಿಸಿ ಎಂದು ಕೇಳುವ ಹಕ್ಕು ಸಾಲಗಾರರಿಗೆ ಕಾನೂನಿನಲ್ಲಿದೆ. ಅದು ಅವಳ ಕಿವಿಗೆ ಬಿದ್ದದ್ದು ತಡವಾಗಿ. ಆದರೂ ಅರ್ಜಿ ಹಾಕಿದಳು. ವಿಚಾರಣೆಯ ದಿನ ಇದ್ದ ಒಂದೇ ಒಳ್ಳೆಯ ಬಟ್ಟೆಗೆ ಗಂಜಿ ಹಾಕಿ, ಚಾಕುವಿನ ಅಲಗಿನಂಥ ಮಡಿಕೆ ಕೂರಿಸಿ, ಉಟ್ಟು ಹೋದಳು. ದೊಡ್ಡವರ ಮುಂದೆ ಸುಕ್ಕು ಬಟ್ಟೆಯಲ್ಲಿ ನಿಲ್ಲುವುದುಂಟೇ? ಕಂಪನಿಯ ವಕೀಲ ಅವಳನ್ನು ಮೇಲಿನಿಂದ ಕೆಳಗೆ ಅಳೆದ.

"ಕಷ್ಟದಲ್ಲಿರೋರು ಹೀಗೆ ಬರ್ತಾರಾ ಸ್ವಾಮಿ?"

ನ್ಯಾಯಾಧೀಶರು ಆ ಮಡಿಕೆಯ ಕಡೆ ಒಮ್ಮೆ ನೋಡಿ, ಬಾಡಿಗೆಯ ರಸೀದಿ ತರಲು ಹೇಳಿ, ಇನ್ನೊಂದು ದಿನ ಕೊಟ್ಟರು. ಮನೆಯೊಡತಿ ಯಾವತ್ತೂ ರಸೀದಿ ಕೊಟ್ಟವಳಲ್ಲ, ಕೇಳಿದರೂ ಕೊಡಲಿಲ್ಲ.

ಸುದ್ದಿ ಕೇಳಿ ಕಾರ್ಖಾನೆಯಲ್ಲಿ ಬಟ್ಟೆ ಮಡಚುವ ಮುದುಕಿ ಬೈದಳು. "ಮದುವೆ ಮನೆಗೆ ಹೊರಟಿದ್ಯೇನೇ ತಾಯಿ? ಬಡವಿ ಥರ ಹೋಗೋಕೂ ಬರಲ್ವಲ್ಲ ನಿಂಗೆ" ಎಂದು ತನ್ನದೇ ಒಂದು ಮಾಸಿದ, ಹೆಗಲು ಹರಿದ ಮೇಲಂಗಿ ಕೊಟ್ಟಳು. ಇಸ್ತ್ರಿ ಅಕ್ಕ ತಲೆಯಾಡಿಸಿ ಮನೆಗೆ ತಂದಳು. ಎರಡನೆಯ ವಿಚಾರಣೆಯ ಬೆಳಗ್ಗೆ ತೊಡಲೆಂದು ಎತ್ತಿಕೊಂಡವಳ ಕೈ ಸುಮ್ಮನಿರಲಿಲ್ಲ. ಹರಿದಲ್ಲಿ ಹೊಲಿಗೆ ಹಾಕಿದಳು. ಆಮೇಲೆ ಪೆಟ್ಟಿಗೆ ಕಾಯಲಿಟ್ಟಳು. ಗಂಡ ಕುರ್ಚಿ ಸರಿಸಿ ಅವಳಿಗೆ ಜಾಗ ಮಾಡಿಕೊಟ್ಟ.

ಅವತ್ತು ಅರ್ಜಿ ವಜಾ ಆಯಿತು.

ರಸೀದಿ ಇಲ್ಲದ್ದಕ್ಕೋ, ಮಡಿಕೆ ಇದ್ದದ್ದಕ್ಕೋ, ಅವಳಿಗೆ ಯಾರೂ ಬಿಡಿಸಿ ಹೇಳಿಲ್ಲ. "ಸುಕ್ಕು ಕಂಡ್ರೆ ಈ ಕೈ ಕೇಳಲ್ಲ, ಏನು ಮಾಡ್ಲಿ" ಎನ್ನುತ್ತಾಳೆ ಅಷ್ಟೆ.

ಭಾನುವಾರ ಕೋಣೆ ಬದಲಾಗುತ್ತದೆ. ಕಾರ್ಖಾನೆಯ ನಾಲ್ವರು ಗಂಡಸರು ಗಂಡನನ್ನು ಕುರ್ಚಿ ಸಮೇತ ಮೂರು ಮಹಡಿ ಹೊರಲು ಒಪ್ಪಿದ್ದಾರೆ. ಇಸ್ತ್ರಿ ಅಕ್ಕ ಹೋಟೆಲಿನ ರಾಶಿ ಮುಗಿಸಿ, ಚೀಲದಿಂದ ಗಂಡನ ಹಳೆಯ ಅಂಗಿಯೊಂದನ್ನು ತೆಗೆದು ಮೇಜಿನ ಮೇಲೆ ಹರಡುತ್ತಾಳೆ. ಕಾಲರಿನಿಂದ ಶುರು ಮಾಡುತ್ತಾಳೆ.

"ಬೀದಿಯೋರು ಅವರನ್ನ ಕೊನೇ ಸಲ ನೋಡೋದು ಅವತ್ತೇ. ಸುಕ್ಕಿರಬಾರದು."